3000 ವಾಟ್ ಗೀಸರ್ ಮತ್ತು ನಮ್ಮಪ್ಪನ 200 ಯೂನಿಟ್

ದಾವಣಗೆರೆ ಮನೆಗೆ ಇನ್‌ಸ್ಟಂಟ್ ಗೀಸರ್ ಹಾಕಿಸಿದ್ದೇ ತಡ, ಅದರ ಮೇಲೆ ಬರೆದಿದ್ದ 3000 ವಾಟ್ ನೋಡಿ ಅಪ್ಪನಿಗೆ ತಲೆಬಿಸಿ ಶುರುವಾಯಿತು. "ಹಳೇದು 2000 ಇತ್ತು. ಇದು ಒಂದೂವರೆ ಪಟ್ಟು ಕರೆಂಟ್ ತಿನ್ನುತ್ತೆ, ಈ ತಿಂಗಳು 200 ಯೂನಿಟ್ ದಾಟೋದೇ" ಅಂತ ಒಂದೇ ಸಮ. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ, ಹಾಗಾಗಿ ಚಿಂತೆಗೆ ಕಾರಣ ಇತ್ತು.

ಭಾನುವಾರ ಬೆಳಿಗ್ಗೆ ಅವರನ್ನು ಮೀಟರ್ ಮುಂದೆ ನಿಲ್ಲಿಸಿದೆ. ನಮ್ಮ ಮೀಟರಿನ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್, ಅದು ಮೀಟರಿನ ಮೇಲೇ ಬರೆದಿರುತ್ತೆ, ಯಾರೂ ಓದಲ್ಲ ಅಷ್ಟೇ. ಗೀಸರ್ ಹಾಕಿದ ತಕ್ಷಣ ದೀಪ ಪಟಪಟ ಅಂತ, ಸೆಕೆಂಡಿಗೆ ಎರಡು ಮೂರು ಸಲ ಮಿನುಗತೊಡಗಿತು. "ನೋಡಿದ್ಯಾ!" ಅಂದರು ಅಪ್ಪ, ಗೆದ್ದವರ ಹಾಗೆ.

"ಅಪ್ಪಾ, ಆ ವೇಗ ವಾಟ್. ಒಟ್ಟು ಎಷ್ಟು ಸಲ ಮಿನುಗಿತು ಅನ್ನೋದು ಯೂನಿಟ್. ಬಿಲ್ಲಲ್ಲಿ ಬರೋದು ಎರಡನೇದು" ಅಂದೆ.

ಒಂದು ಕಿಲೋವಾಟ್, ಅಂದರೆ 1000 ವಾಟ್, ಒಂದು ಗಂಟೆ ಓಡಿದರೆ ಒಂದು ಯೂನಿಟ್. 15 ಲೀಟರಿನ ಬಕೆಟ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 0.35 ಯೂನಿಟ್ ಬೇಕು, ಯಾವ ಗೀಸರ್ ಆದರೂ ಅಷ್ಟೇ. 3000 ವಾಟಿನದು ಅದನ್ನು ಏಳು ನಿಮಿಷದಲ್ಲಿ ಮುಗಿಸುತ್ತೆ, 2000 ವಾಟಿನದಕ್ಕೆ ಹತ್ತೂವರೆ ನಿಮಿಷ ಬೇಕು. ಹಳೇದರಲ್ಲಿ ಟ್ಯಾಂಕ್ ಬೇರೆ ಇತ್ತು, ಸ್ನಾನಕ್ಕೆ ಯಾರೂ ಬರದಿದ್ದರೆ ಕಾದ ನೀರು ಸುಮ್ನೆ ಆರಿಹೋಗ್ತಿತ್ತು.

ಗೀಸರ್ ಆಫ್ ಮಾಡಿದ ಮೇಲೂ ದೀಪ ನಿಧಾನಕ್ಕೆ ಮಿನುಗುತ್ತಲೇ ಇತ್ತು. ಫ್ರಿಜ್ ಬಿಟ್ಟರೆ ವೈಫೈ, ಸೆಟ್‌ಟಾಪ್ ಬಾಕ್ಸ್. ಎರಡೂ ಸೇರಿ 20 ವಾಟ್ ಅಂದುಕೊಂಡರೂ 24 ಗಂಟೆಗೆ 0.48 ಯೂನಿಟ್, ಅಂದರೆ ಒಂದು ಬಕೆಟ್ ಬಿಸಿನೀರಿಗಿಂತ ಜಾಸ್ತಿ! ಈ ಲೆಕ್ಕ ಅಮ್ಮನ ಕಿವಿಗೆ ಬೀಳಬಾರದಿತ್ತು, ಈಗ ರಾತ್ರಿ ವೈಫೈ ಇರಲ್ಲ.

ಹಾಗಂತ ವಾಟ್‌ಗೆ ಹೆದರೋದೇ ಬೇಡ ಅಂತಲ್ಲ. 3000 ವಾಟ್ ಅಂದರೆ 13 ಆಂಪ್ಸ್, ಅದನ್ನು 6 ಆಂಪ್ಸ್ ಪ್ಲಗ್ಗಿಗೆ ಸಿಕ್ಕಿಸಿದರೆ ಪ್ಲಗ್ ಸುಟ್ಟುಹೋಗುತ್ತೆ. ವೈರ್ ಬಿಸಿಯಾಗೋದು ವೇಗಕ್ಕೆ, ತಿಂಗಳ ಒಟ್ಟು ಲೆಕ್ಕಕ್ಕಲ್ಲ. ಬಿಲ್ಲಿನಲ್ಲಿರುವ ನಿಗದಿತ ಶುಲ್ಕ ಕೂಡ ಮಂಜೂರಾದ ಕಿಲೋವಾಟ್ ಮೇಲೆಯೇ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡುತ್ತಾ?" ಅಂದರು. ಒಳ್ಳೇ ಪ್ರಶ್ನೆ. ನಮ್ಮದು 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಎರಡನ್ನೂ ಗುಣಿಸಿದರೆ 1800 ವಾಟ್-ಅವರ್, ಅಂದರೆ ಕಾಗದದ ಲೆಕ್ಕದಲ್ಲಿ 1.8 ಯೂನಿಟ್. ಐದು ಬಕೆಟ್ ಕಾಯಿಸುವಷ್ಟು ಅದರೊಳಗೆ ಇದೆ. ಆದರೆ ಇನ್ವರ್ಟರ್ ಒಂದೇ ಸಲಕ್ಕೆ ಕೊಡೋದು 700 ವಾಟ್, ಗೀಸರ್ ಹಾಕಿದ ಕೂಡಲೇ ಓವರ್‌ಲೋಡ್ ಅಂತ ಕೂಗಿ ನಿಂತುಬಿಡುತ್ತೆ.

"ಹಾಗಾದ್ರೆ ಅವತ್ತು ಒಲೆ ಮೇಲೆ ಕಾಯಿಸ್ತೀನಿ ಬಿಡು" ಅಂದರು.