ಸೈಟಿನ ಹೆಸರು ಬದಲಿಸಿದರೆ ಗೂಗಲ್‌ನಲ್ಲಿ ಕಾಣೆಯಾಗ್ತೇವಾ?

ಕುಂಬಳೆ, ಬದಿಯಡ್ಕ ಕಡೆಯವರಿಗೆ ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ. ಸಿಕ್ಕಿದವರೆಲ್ಲ ಕೇಳುವುದು ಒಂದೇ: "ಡೊಮೇನ್ ಬದಲಿಸಿದ್ರೆ ಗೂಗಲ್‌ನಲ್ಲಿ ನಾವು ಕಾಣೆಯಾಗ್ತೇವಾ ಮಾರಾಯ್ರೇ?" ಬದಲಿಸಲು ಕಾರಣ ಹೆಚ್ಚಾಗಿ ಸ್ಪೆಲ್ಲಿಂಗ್. ಮಂಜೇಶ್ವರವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ‘ಎಮ್’ ಬೇಕಾ ಬೇಡ್ವಾ ಅನ್ನುವ ಜಗಳ ನಮ್ಮಲ್ಲಿ ಮುಗಿಯುವಂಥದ್ದಲ್ಲ.

ಕಾಣೆಯಾಗುವುದಿಲ್ಲ, ಹಳೇ ಹೆಸರನ್ನು ಕೈಬಿಡದಿದ್ದರೆ. ಹೊಸದನ್ನು ಎಬ್ಬಿಸಿ ನಿಲ್ಲಿಸುವುದು ದೊಡ್ಡ ಕೆಲಸವೇ ಅಲ್ಲ, ಉಳಿದದ್ದೆಲ್ಲ ಹಳೆಯದರ ಚಾಕರಿ.

ಹಳೆಯ ಪ್ರತಿ ಪುಟದಿಂದ ಹೊಸ ಸೈಟಿನ ಅದೇ ಪುಟಕ್ಕೆ 301 ರೀಡೈರೆಕ್ಟ್ ಹಾಕಬೇಕು, ಅಂದರೆ ಹಳೇ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಸೂಚನೆ. 301 ಅಂದರೆ ಶಾಶ್ವತವಾಗಿ ಹೋದದ್ದು, 302 ಅಂದರೆ ಸದ್ಯಕ್ಕೆ ಹೋದದ್ದು. 301ರಿಂದ ಪೇಜ್‌ರ‍್ಯಾಂಕ್ (ಬೇರೆ ಲಿಂಕುಗಳಿಂದ ಪುಟಕ್ಕೆ ಬರುವ ತೂಕ) ಸೋರುವುದಿಲ್ಲ ಅಂತ ಗೂಗಲ್‌ನವರೇ ಹೇಳಿದ್ದಾರೆ. ಎಲ್ಲವನ್ನೂ ಸುಮ್ನೆ ಮುಖಪುಟಕ್ಕೆ ತಿರುಗಿಸಿದರೆ ಮಾತ್ರ ಆ ಪುಟಗಳು ಇಲ್ಲವೆಂದೇ ಗೂಗಲ್ ಲೆಕ್ಕ ಹಾಕುತ್ತದೆ.

ಇಷ್ಟು ಗೊತ್ತಿದ್ದೂ ನಾನು ಎಡವಿದ್ದೇನೆ. ಅಡಿಕೆ ಕೃಷಿಯ ಒಂದು ಸೈಟ್, ವರ್ಡ್‌ಪ್ರೆಸ್‌ನಿಂದ ಬೇರೆ ಕಡೆಗೆ ಹೋಗಬೇಕಿತ್ತು. ವರ್ಡ್‌ಪ್ರೆಸ್ ಅಂದರೆ ಸೈಟ್ ನಡೆಸುವ ತಂತ್ರಾಂಶ, ಲೇಖನದ ತಲೆಬರಹದಿಂದಲೇ ಅದರ ವಿಳಾಸ ಮಾಡುತ್ತದೆ. ಲೇಖನಗಳ ತಲೆಬರಹ ನೋಡಿ ನೋಡಿ ಎಕ್ಸೆಲ್‌ನಲ್ಲಿ ಹಳೇ ವಿಳಾಸಗಳ ಪಟ್ಟಿ ಮಾಡಿದೆ. ಸಣ್ಣ ತಲೆಬರಹದವು ಸರಿಯಾಗಿ ಹೋದವು, ಉದ್ದದವೆಲ್ಲ 404, ಅಂದರೆ ಪುಟ ಸಿಗಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಕನ್ನಡದ ‘ಅ’ ಕಂಪ್ಯೂಟರಿಗೆ 3 ಬೈಟ್, ವಿಳಾಸದೊಳಗೆ ಹೋಗುವಾಗ ಶೇಕಡಾ ಚಿಹ್ನೆಗಳೆಲ್ಲ ಸೇರಿ 9 ಅಕ್ಷರ. ಗುಣಿತದ ಕೊಂಬು, ಒತ್ತಿನ ಒಳಗಿರುವ ವಿರಾಮ, ಅವಕ್ಕೂ ತಲಾ 9. ವರ್ಡ್‌ಪ್ರೆಸ್ ವಿಳಾಸದಲ್ಲಿ ತಲೆಬರಹದ ತುಂಡಿಗೆ ಕೊಡುವುದು ಬರೀ 200 ಅಕ್ಷರ. ಹಾಗಾಗಿ ‘ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ’ ಎಂಬ ಲೇಖನದ ವಿಳಾಸ ‘ಅಡಿಕೆ-ಕೊಳೆರೋಗಕ್ಕೆ-ಬೋರ್ಡೋ’ ಎಂಬಲ್ಲಿಗೆ ನಿಂತುಬಿಟ್ಟಿತ್ತು, ಎಣಿಸಿದರೆ ಸರಿಯಾಗಿ 200! ದ್ರಾವಣಕ್ಕೆ ಜಾಗವೇ ಇರಲಿಲ್ಲ. ಇಂಗ್ಲಿಷ್ ವಿಳಾಸ ಇಟ್ಟುಕೊಂಡವರಿಗೆ ಈ ತಾಪತ್ರಯ ಬರುವುದೇ ಕಡಿಮೆ, ಹಾಗಾಗಿ ಎಚ್ಚರಿಸುವವರೂ ಕಡಿಮೆ.

ಅಂದಿನಿಂದ ತಲೆಬರಹ ನೋಡಿ ಪಟ್ಟಿ ಮಾಡುವುದು ಬಿಟ್ಟೆ. ಹಳೇ ಸೈಟ್‌ಮ್ಯಾಪ್ (ಎಲ್ಲ ಪುಟಗಳ ವಿಳಾಸಪಟ್ಟಿ) ತೆಗೆದು, ಸೈಟಿನವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಪುಟಕ್ಕೆ ಬರುತ್ತಿದ್ದಾರೆ ನೋಡಿ, ಅಲ್ಲಿರುವ ವಿಳಾಸವನ್ನು ಇದ್ದ ಹಾಗೇ ಎತ್ತಿಕೊಳ್ಳುತ್ತೇನೆ.

ಮತ್ತೆ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆಯ ಅರ್ಜಿ ಕೊಡಬೇಕು, ಅದಕ್ಕೆ ಹಳೇದು ಹೊಸದು ಎರಡೂ ನಿಮ್ಮ ಹೆಸರಲ್ಲಿ ದೃಢಪಟ್ಟಿರಬೇಕು. ಕೆನಾನಿಕಲ್ ಟ್ಯಾಗ್ (ಪುಟದ ಅಸಲಿ ವಿಳಾಸ ಇದು ಅನ್ನುವ ಗುರುತು), ಒಳಗಿನ ಲಿಂಕು, ಸೈಟ್‌ಮ್ಯಾಪ್ ಎಲ್ಲ ಹೊಸ ಹೆಸರಿಗೆ. ಹಳೇ ಸೈಟನ್ನು ರೋಬೋಟ್ಸ್ ಫೈಲಿನಲ್ಲಿ (ಸರ್ಚ್ ಇಂಜಿನ್‌ಗಳಿಗೆ ಎಲ್ಲಿ ಬರಬಾರದು ಅಂತ ಹೇಳುವ ಫೈಲು) ಮುಚ್ಚಬೇಡಿ. ಮುಚ್ಚಿದರೆ ಗೂಗಲ್ ಒಳಗೆ ಬಂದು ರೀಡೈರೆಕ್ಟ್ ನೋಡುವುದಾದರೂ ಹೇಗೆ? ಹಳೇ ಡೊಮೇನ್‌ನ ಎಸ್‌ಎಸ್‌ಎಲ್ (ಸಂಪರ್ಕ ಸುರಕ್ಷಿತ ಅನ್ನುವ ಪ್ರಮಾಣಪತ್ರ) ಕೂಡ ಜೀವಂತ ಇರಲಿ, ಇಲ್ಲದಿದ್ದರೆ ಜನ ಬ್ರೌಸರಿನ ಕೆಂಪು ಎಚ್ಚರಿಕೆ ಕಂಡು ಅಲ್ಲಿಂದಲೇ ವಾಪಸ್.

ಕೆಲವು ವಾರ ರ‍್ಯಾಂಕ್ ಮೇಲೆ ಕೆಳಗೆ ಆಡುತ್ತದೆ. ಆಗ ಗಾಬರಿಬಿದ್ದು ಡಿಸೈನ್, ಮೆನು ಬದಲಿಸಲು ಹೋಗಬೇಡಿ, ಯಾವುದರಿಂದ ಎಂತ ಆಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ಜನ ಕಡಿಮೆ ಬರುವ ಸಮಯ ನೋಡಿಕೊಳ್ಳುವುದೂ ಒಳ್ಳೆಯದು. ಯಕ್ಷಗಾನ ಮೇಳದ ಸೈಟಾದರೆ ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ. ಅಡಿಕೆಯವರಿಗೆ ಅದೇ ಕೆಟ್ಟ ಸಮಯ, ಮಳೆ ಹಿಡಿಯುವ ಹೊತ್ತಿಗೆ ಎಲ್ಲರೂ ಹುಡುಕುವುದು ಬೋರ್ಡೋವನ್ನೇ ಅಲ್ವಾ!

"ಹಳೇದಕ್ಕೆ ಎಷ್ಟು ದಿನ ದುಡ್ಡು ಕಟ್ಟುವುದು?" ಅಂತ ಕೊನೆಗೆ ಕೇಳುತ್ತಾರೆ. ರೀಡೈರೆಕ್ಟ್ ಕನಿಷ್ಠ 1 ವರ್ಷ ಇರಲಿ ಅನ್ನುತ್ತದೆ ಗೂಗಲ್. ನಾನು ಬಿಡಲೇಬೇಡಿ ಅನ್ನುತ್ತೇನೆ. ನನಗೆ ಗೊತ್ತಿರುವ ಒಂದು ದೇವಸ್ಥಾನದವರು ಬಿಟ್ಟರು, ಬೇರೆ ಯಾರೋ ಆ ಹೆಸರು ಕೊಂಡರು. ಹಳೇ ಜಾತ್ರೆ ಆಮಂತ್ರಣದಲ್ಲಿ ಅಚ್ಚಾದ ವಿಳಾಸ ಈಗ ಒತ್ತಿದರೆ ರಮ್ಮಿ ಆಟ ತೆರೆಯುತ್ತದೆ.