ಕತ್ತಲ ವೇದಿಕೆಗೆ ಐಎಸ್‌ಒ ಎಷ್ಟಿಡಬೇಕು?

ಸಂಗೀತ ಕಾರ್ಯಕ್ರಮದ ಫೋಟೊ ತೆಗೆಯಲು ಹೊರಟವರು ಮೊದಲು ಕೇಳುವುದೇ ಇದನ್ನು. ನನ್ನ ಉತ್ತರ: ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ಕೊನೆಗಿರಲಿ, ಮೊದಲು ಶಟರ್ ವೇಗ, ಅಂದರೆ ಬೆಳಕು ಒಳಗೆ ಬರುವ ಹೊತ್ತು, ಗೊತ್ತುಮಾಡಿಕೊಳ್ಳಿ. ನಿಂತು ಹಾಡುವವರಿಗೆ 1/200 ಸೆಕೆಂಡ್ ಸಾಮಾನ್ಯವಾಗಿ ಸಾಕು. ಡ್ರಮ್ ಬಾರಿಸುವ ಕೈ ಮಸುಕಾಗಬಾರದೆಂದರೆ 1/500 ಆದರೂ ಬೇಕು. ಐಎಸ್‌ಒ ಏರೀತೆಂದು ಹೆದರಿ 1/60ಕ್ಕೆ ಇಳಿದಿರೋ, ಹಾಡುವವರು ತಲೆ ತೂಗಿದ್ದೆಲ್ಲ ಚಿತ್ರದಲ್ಲಿ ಗೀರೆಳೆಯುತ್ತದೆ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕಕ್ಕಷ್ಟೇ ಮದ್ದು, ಅವರ ತಲೆತೂಗಿಗಲ್ಲ.

ಆಮೇಲೆ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆಯಿರಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್/4ಕ್ಕಿಂತ ಎಫ್/1.8ರಲ್ಲಿ ಸುಮಾರು ಐದು ಪಟ್ಟು ಬೆಳಕು ಬರುತ್ತದೆ. ಇಷ್ಟರ ಮೇಲೆ ಐಎಸ್‌ಒ 3200 ಆಗಲಿ, 6400 ಆಗಲಿ, ಒಪ್ಪಿಕೊಳ್ಳಿ. ಐಎಸ್‌ಒ ಏರಿದಾಗ ಕಾಳುಕಾಳಾಗಿ ಕಾಣುವ ನಾಯ್ಸ್ ಅನ್ನು ಸಾಫ್ಟ್‌ವೇರ್ ತಗ್ಗಿಸೀತು, ಅಲುಗಿದ ಕಣ್ಣನ್ನು ನೆಟ್ಟಗೆ ಮಾಡುವುದು ಕಷ್ಟ.

ಆಟೊ ಐಎಸ್‌ಒ ಇಟ್ಟವರಿಗೆ ಬೇರೆ ಪೇಚು. ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು ಪರದೆಯಾದಾಗ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನೂ ಬೆಳಗಿಸಲು ಹೋಗಿ ಮುಖಕ್ಕೆ ಸುಣ್ಣ ಬಳಿದುಬಿಡುತ್ತದೆ. ಸ್ಪಾಟ್ ಮೀಟರಿಂಗ್‌ನಲ್ಲಿ (ಚಿಕ್ಕ ಜಾಗವನ್ನಷ್ಟೇ ಅಳೆಯುವ ಕ್ರಮ) ಮುಖವನ್ನೇ ಅಳೆಯಿರಿ, ಇಲ್ಲವೇ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿ.

ಹೆಚ್ಚು ಚಿತ್ರ ಹಾಳಾಗುವುದು ಮೈಕಿನಿಂದ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 85 ಎಂಎಂ ಲೆನ್ಸ್, ಎಫ್/1.8, ಮೂರು ಮೀಟರ್ ದೂರ ಎಂದುಕೊಳ್ಳಿ. ಸ್ಫುಟವಾಗಿ ಕಾಣುವ ಆಳ ಹಿಂದೆ ಮುಂದೆ ಸೇರಿ ಸುಮಾರು 13 ಸೆಂಟಿಮೀಟರ್ ಮಾತ್ರ. ಫೋಕಸ್ ಮೈಕಿನ ಜಾಲರಿಗೆ ಕಚ್ಚಿಕೊಂಡರೆ ಜಾಲರಿಯ ಕಣ್ಣೆಲ್ಲ ಎಣಿಸುವಷ್ಟು ಚೆನ್ನಾಗಿರುತ್ತವೆ, ಹಾಡುವವರ ಕಣ್ಣು ಮಾತ್ರ ಮಂಜು! ಒಂದೇ ಸಣ್ಣ ಫೋಕಸ್ ಬಿಂದುವನ್ನು ನಿಮಗೆ ಹತ್ತಿರದ ಕಣ್ಣಿನ ಮೇಲಿಡಿ. ಸಾಲು ಮುಗಿದು ಅವರು ಮೈಕಿನಿಂದ ತುಸು ಹಿಂದೆ ಸರಿಯುತ್ತಾರಲ್ಲ, ಆಗ ಮೂರು ನಾಲ್ಕು ಚಿತ್ರ ಒಟ್ಟಿಗೆ ಹೊಡೆಯಿರಿ. ಬಾಯಿ ಅರ್ಧ ತೆರೆದು ವಿಕಾರವಾಗಿರುವುದೂ ತಪ್ಪುತ್ತದೆ.

ಇನ್ನು ಎಲ್‌ಇಡಿ. ಬರೀ ಕೆಂಪು ಬೆಳಕಿನಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪಾಲು) ಒಂದೇ ತುಂಬಿ ತುಳುಕಿ, ಮೂಗು ಕೆನ್ನೆ ಒಂದಾಗಿಬಿಡುತ್ತವೆ. ಸಾಮಾನ್ಯ ಹಿಸ್ಟೊಗ್ರಾಂ (ಚಿತ್ರದ ಬೆಳಕು ನೆರಳಿನ ಹಂಚಿಕೆ ತೋರುವ ನಕ್ಷೆ) ಇದನ್ನು ಮುಚ್ಚಿಡಬಹುದು, ಆದ್ದರಿಂದ ಮೂರು ಬಣ್ಣದ್ದನ್ನು ಬೇರೆಬೇರೆಯಾಗಿ ನೋಡಿ, ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ಇಟ್ಟುಕೊಳ್ಳಿ. ಬೆಳಕು ಬದಲಾಗುವವರೆಗೆ ಕಾಯುವುದು ಇದಕ್ಕಿಂತ ಒಳ್ಳೆಯದು.

ಚಿತ್ರದಲ್ಲಿ ಅಡ್ಡ ಪಟ್ಟಿಗಳು ಬಂದರೆ ಲೆನ್ಸನ್ನು ಬೈಯಬೇಡಿ. ಎಲ್‌ಇಡಿ ಕಣ್ಣಿಗೆ ಕಾಣದ ವೇಗದಲ್ಲಿ ಮಿನುಗುತ್ತಿರುತ್ತದೆ, ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಅದು ಪಟ್ಟಿಯಾಗಿ ಬೀಳುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಅದರ ಕ್ಲಿಕ್ ಸದ್ದು ಯಾರಿಗೂ ಕೇಳಬಾರದೆಂದರೆ ವಾದ್ಯಗಳು ಜೋರಾಗುವವರೆಗೆ ಬೆರಳು ತಡೆದುಕೊಳ್ಳಿ.