ಐವತ್ತು ದಾಟಿದ ಈಜುಗಾರರ ಹೃದಯ

ವಯಸ್ಕರಿಗೆಂದೇ ನಡೆಯುವ ಮಾಸ್ಟರ್ಸ್ ಈಜುಸ್ಪರ್ಧೆಗಳಲ್ಲಿ 25ನೇ ವಯಸ್ಸಿನಿಂದ ಐದೈದು ವರ್ಷಗಳ ಅಂತರದಲ್ಲಿ ಗುಂಪುಗಳನ್ನು ಮಾಡುವುದರಿಂದ, ಎಪ್ಪತ್ತು ದಾಟಿದವರೂ ಸ್ಟಾರ್ಟಿಂಗ್ ಬ್ಲಾಕ್ ಏರಿ ಸೀಟಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಅವರನ್ನು ಕಂಡರೆ ನನಗೆ ಅಪಾರ ಗೌರವ. ಆದರೆ ಅವರಲ್ಲಿ ಅನೇಕರು ಆಡುವ ಒಂದು ಮಾತನ್ನು ಒಪ್ಪಲಾರೆ: "ದಿನಾ ಇಷ್ಟು ಈಜುವವನಿಗೆ ಹಾರ್ಟ್ ಪ್ರಾಬ್ಲಮ್ ಎಲ್ಲಿಂದ ಬರಬೇಕು?"

ಈಜು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡಲು ನೆರವಾಗುತ್ತದೆ, ನಿಜ. ಆದರೆ ವಂಶದಿಂದ ಬಂದ ಕೊಲೆಸ್ಟ್ರಾಲನ್ನಾಗಲಿ, ಹಳೆಯ ಧೂಮಪಾನದ ಹಾನಿಯನ್ನಾಗಲಿ ಅದು ಪೂರ್ತಿಯಾಗಿ ಅಳಿಸುವುದಿಲ್ಲ. 2011ರಲ್ಲಿ ಶಾಂಘೈನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ವಿಶ್ವ ಚಾಂಪಿಯನ್ ಆಗಿದ್ದ ನಾರ್ವೆಯ ಅಲೆಕ್ಸಾಂಡರ್ ಡಾಲೆ ಓಎನ್, ಮರುವರ್ಷದ ಏಪ್ರಿಲ್ 30ರಂದು ತರಬೇತಿ ಶಿಬಿರದಲ್ಲಿದ್ದಾಗಲೇ ತೀರಿಕೊಂಡರು. ಅವರಿಗಿದ್ದದ್ದು ಯಾರಿಗೂ ಗೊತ್ತಾಗದೆ ಬೆಳೆದಿದ್ದ ಹೃದಯದ ರಕ್ತನಾಳಗಳ ಕಾಯಿಲೆ. ವಯಸ್ಸು ಬರೀ 26.

ನೀರಿಗೆ ಅದರದೇ ಆದ ಗುಣಗಳಿವೆ. ಕುತ್ತಿಗೆಯವರೆಗೆ ಮುಳುಗಿದಾಗ ನೀರಿನ ಒತ್ತಡದಿಂದ ಕಾಲುಗಳ ರಕ್ತ ಎದೆಯ ಕಡೆಗೆ ಸರಿದು, ಹೃದಯದ ಕೋಣೆಗಳು ಹೆಚ್ಚು ತುಂಬಿಕೊಳ್ಳುತ್ತವೆ. ತಣ್ಣೀರು ಮುಖಕ್ಕೆ ತಾಗಿದೊಡನೆ ಬಡಿತವನ್ನು ನಿಧಾನಗೊಳಿಸುವ ನರ ಎಚ್ಚೆತ್ತರೆ, ಮೈಗೆ ತಾಗಿದ ಚಳಿ ಅದೇ ಬಡಿತವನ್ನು ಏರಿಸಲು ಹವಣಿಸುತ್ತದೆ. ಈ ಎರಡು ಆಜ್ಞೆಗಳ ಜಗ್ಗಾಟಕ್ಕೆ ಉಸಿರು ಬಿಗಿಹಿಡಿಯುವುದೂ ಸ್ಪರ್ಧೆಯ ಉದ್ವೇಗವೂ ಸೇರಿದಾಗ, ಮೊದಲೇ ದುರ್ಬಲವಾಗಿರುವ ಹೃದಯದ ಲಯ ತಪ್ಪಬಹುದು. ಈಜು, ಸೈಕ್ಲಿಂಗ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಸ್ಪರ್ಧೆಗಳಾದ ಟ್ರಯಥ್ಲಾನ್‌ಗಳಲ್ಲಿ, ಅಮೆರಿಕದಲ್ಲಿ ಸಂಭವಿಸಿದ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲೇ ಆಗಿರುವುದನ್ನು ನೋಡಿದರೆ, ವಾರ್ಮ್ ಅಪ್ ಮಾಡದೆ ನೇರವಾಗಿ ಡೈವ್ ಹೊಡೆಯುವುದು ನನಗೆ ಭಯ ಹುಟ್ಟಿಸುತ್ತದೆ.

ವಯಸ್ಸಾದಂತೆ ಟೈಮಿಂಗ್ ಕುಸಿಯುವುದು ಸಹಜ. ಆದರೆ ಆ ಕುಸಿತ ಸುಮಾರು ಎಪ್ಪತ್ತರವರೆಗೆ ನಿಧಾನವಾಗಿರುತ್ತದೆ, ಆಮೇಲಷ್ಟೇ ವೇಗ ಪಡೆಯುತ್ತದೆ. ಆದ್ದರಿಂದ ಐವತ್ತೈದರ ಈಜುಗಾರರೊಬ್ಬರಿಗೆ ಕೆಲವೇ ವಾರಗಳಲ್ಲಿ ಇನ್ನೂರು ಮೀಟರ್ ಭಾರವೆನಿಸತೊಡಗಿದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುವುದು ಸರಿಯಲ್ಲ. ಏದುಸಿರು ಈಜಿನಲ್ಲಿ ಇದ್ದದ್ದೇ, ಭುಜದ ನೋವೂ ಇದ್ದದ್ದೇ. ಹೃದಯದ ಎಚ್ಚರಿಕೆಗಳು ಇವುಗಳ ಮರೆಯಲ್ಲೇ ಉಳಿದುಬಿಡುತ್ತವೆ. ಒಂದು ಸುತ್ತಿನ ಅಭ್ಯಾಸ (ಸೆಟ್) ಮುಗಿದು ಕೊಳದ ಗೋಡೆ ಹಿಡಿದಾಗ ಕುತ್ತಿಗೆಯ ಪಕ್ಕದಲ್ಲಿ ಎರಡು ಬೆರಳಿಟ್ಟು ನೋಡಿ: ಬಡಿತದ ವೇಗವಷ್ಟೇ ಅಲ್ಲ, ಅದು ಒಂದೇ ಸಮನಾಗಿದೆಯೇ ಎಂಬುದೂ ಮುಖ್ಯ. ದಶಕಗಳ ಕಾಲ ಕಠಿಣ ಅಭ್ಯಾಸ ಮಾಡಿದ ಪುರುಷರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷ ಹೆಚ್ಚು ಕಾಣಿಸಿಕೊಳ್ಳುತ್ತದೆ, ಮತ್ತು ಅದನ್ನು ಅಲಕ್ಷಿಸಿದರೆ ಪಾರ್ಶ್ವವಾಯುವಿನ ಅಪಾಯವಿದೆ.

ವೈದ್ಯರ ಬಳಿ ಹೋದಾಗ "ಈಜುತ್ತೇನೆ" ಎಂದರೆ ಸಾಲದು. ಪೂರ್ತಿ ಬಲ ಹಾಕಿ ಸ್ಪರ್ಧಿಸುತ್ತೇನೆ ಎಂದು ಹೇಳಬೇಕು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಚೆನ್ನಾಗಿದ್ದರೂ ಶ್ರಮ ಬಿದ್ದಾಗ ತೊಂದರೆ ಹೊರಬೀಳಬಹುದು, ಹಾಗಾಗಿ ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ. ರಕ್ತದೊತ್ತಡಕ್ಕೋ ಹೃದಯದ ಕಾಯಿಲೆಗೋ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ನಾಡಿಯ ಲೆಕ್ಕ ಹಿಡಿದು ಅಭ್ಯಾಸ ಮಾಡಬಾರದು, ಏಕೆಂದರೆ ಆ ಮಾತ್ರೆ ಬಡಿತವನ್ನು ಏರಗೊಡುವುದಿಲ್ಲ. ಇನ್ನು, ಸ್ಪರ್ಧೆಯ ವಾರದಲ್ಲಿ ಜ್ವರ ಬಂದರೆ, ವೈರಸ್ ಸೋಂಕು ಹೃದಯದ ಸ್ನಾಯುವಿಗೂ ತಗುಲಿರುವ ಸಾಧ್ಯತೆ ಇರುವುದರಿಂದ, ಹೆಸರು ಕೊಟ್ಟಾಗಿದ್ದರೂ ಶುಲ್ಕ ಕಟ್ಟಿಯಾಗಿದ್ದರೂ ಆ ಸಲ ನೀರಿಗಿಳಿಯಬೇಡಿ.